ಬೇಕರಿ ಅಸ್ಮುಸನ ಹಡಗು

ಅಸ್ಮುಸ್ ಬೋಯೆ ತನ್ನ ಬೇಕರಿಯನ್ನು ಅಳಿಯನಿಗೆ ಒಪ್ಪಿಸಿ ಕೆಲವು ವರ್ಷಗಳೇ ಆಗಿದ್ದವು. ಆದರೂ ಓಸ್ಟರ್‌ನೆಸ್ಸಿನ ಜನ ಅವನನ್ನು ಕರೆಯುತ್ತಿದ್ದುದು ಬೇಕರಿ ಅಸ್ಮುಸ್ ಎಂದೇ. ನಮ್ಮ ದ್ವೀಪದಲ್ಲಿ ಒಮ್ಮೆ ಅಂಟಿಕೊಂಡ ಹೆಸರು ಮಣ್ಣಿಗೆ ಹೋಗುವ ತನಕ ಬಿಡುವುದಿಲ್ಲ. ಇಲ್ಲಿ ಗಂಡಾಗಿ ಹುಟ್ಟಿದವನು ಒಂದೋ ಹಡಗು ಹತ್ತಬೇಕು, ಇಲ್ಲವೇ ಯಾಕೆ ಹತ್ತಲಿಲ್ಲ ಎಂದು ಆಯುಷ್ಯವಿಡೀ ಸಮಜಾಯಿಷಿ ಕೊಡುತ್ತಿರಬೇಕು. ಅಸ್ಮುಸನನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು.

ಸಾವಿರದ ಒಂಬೈನೂರ ಐವತ್ತೇಳರ ಡಿಸೆಂಬರಿನಲ್ಲಿ ಮರದ ದಿಮ್ಮಿ ಹೇರಿಕೊಂಡು ಸ್ವೀಡನ್ನಿನಿಂದ ಬರುತ್ತಿದ್ದ 'ಸೋಫಿ' ಎಂಬ ಹಾಯಿಹಡಗು ಊರಿನ ದೀಪ ಕಾಣುವಷ್ಟು ಹತ್ತಿರ ಬಂದು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅದರಲ್ಲಿ ಅಸ್ಮುಸ್ ಇದ್ದ, ಅವನ ಗೆಳೆಯ ಅಕ್ಸೆಲ್ ಇದ್ದ. ಇಬ್ಬರಿಗೂ ಇನ್ನೂ ಸರಿಯಾಗಿ ಮೀಸೆ ಮೂಡಿರಲಿಲ್ಲ. ಹಿಂದೆಯೇ ಬರುತ್ತಿದ್ದ ಮೂರು ಹಾಯಿಕಂಬದ 'ಡಾಗ್ನಿ' ಎಂಬ ಹಡಗಿನಿಂದ ಒಬ್ಬ ಸಣ್ಣ ದೋಣಿ ಇಳಿಸಿ, ಆ ಅಲೆಗಳ ನಡುವೆ ಒಬ್ಬನೇ ಹುಟ್ಟು ಹಾಕುತ್ತ ಬಂದ. ಅವನು ಟೋರ್ಕಿಲ್, ಅಕ್ಸೆಲನ ಸ್ವಂತ ಅಣ್ಣ. ಮಧ್ಯಾಹ್ನ ಕಳೆಯುವಷ್ಟರಲ್ಲೇ ಕತ್ತಲಾಗುವ ಕಾಲ. ಕೈಗೆ ಸಿಕ್ಕ ಮೊದಲ ಕೊರಳಪಟ್ಟಿಯನ್ನು ಹಿಡಿದು ಟೋರ್ಕಿಲ್ ದೋಣಿಯೊಳಗೆ ಎಳೆದುಕೊಂಡ. ಆಮೇಲೆ ಲಾಟೀನು ಎತ್ತಿ ಮುಖ ನೋಡಿದ.

ಅಸ್ಮುಸನೂ ಅವನ ಮುಖ ನೋಡಿದ. ತಮ್ಮ ಸಿಕ್ಕಿದ ಎಂದು ನಂಬಿದ್ದ ಮುಖ, ಇದು ತಮ್ಮನಲ್ಲ ಎಂದು ತಿಳಿದ ಕ್ಷಣಕ್ಕೆ ಕುಸಿದುಬಿದ್ದುದನ್ನು ನೋಡಿದ. ಅದನ್ನು ನೋಡಿಯೇ ಅವನಿಗೆ ಪ್ರಜ್ಞೆ ತಪ್ಪಿತು. ಎಚ್ಚರವಾದಾಗ ಡಾಗ್ನಿಯ ಅಡುಗೆಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ. ಅಕ್ಸೆಲ್ ಸಿಗಲೇ ಇಲ್ಲ. ದೇಹವೂ ದಡಕ್ಕೆ ಬರಲಿಲ್ಲ.

ಅಸ್ಮುಸ್ ಮತ್ತೆ ಹಡಗು ಹತ್ತಲಿಲ್ಲ. ಸೋದರಮಾವನ ಬೇಕರಿ ಸೇರಿದ, ಗುಡ್ರುನ್‌ಳನ್ನು ಮದುವೆಯಾದ, ನಲವತ್ತು ವರ್ಷ ಊರಿಗೆಲ್ಲ ರೈ ಬ್ರೆಡ್ ಸುಟ್ಟು ಕೊಟ್ಟ. ಟೋರ್ಕಿಲ್ ಎರಡು ಬೀದಿಯಾಚೆ ಇದ್ದ. ಮದುವೆಯಾಗಲಿಲ್ಲ, ಸಮುದ್ರ ಬಿಡಲಿಲ್ಲ. ವಯಸ್ಸಾದ ಮೇಲೆ ಬಂದರಿನ ಬಳಿ ಬಲೆ ಹೆಣೆಯುತ್ತ ಕುಳಿತ. ಇಬ್ಬರೂ ದಿನಾ ಸಿಗುತ್ತಿದ್ದರು. ಗಾಳಿ ಯಾವ ಕಡೆಯದು, ಹೆರಿಂಗ್ ಮೀನು ಬಂತೋ ಇಲ್ಲವೋ, ಮುನಿಸಿಪಾಲಿಟಿಯವರಿಗೆ ಬುದ್ಧಿ ಇದೆಯೋ ಇಲ್ಲವೋ, ಎಲ್ಲ ಮಾತಾಡುತ್ತಿದ್ದರು. ಆ ಒಂದು ಮಾತನ್ನು ಬಿಟ್ಟು.

ನಮ್ಮ ಜನ ಥ್ಯಾಂಕ್ಸ್ ಹೇಳುವುದರಲ್ಲಿ ಜಿಪುಣರೇನಲ್ಲ. ಊಟವಾದ ಮೇಲೆ ಊಟಕ್ಕೆ ಥ್ಯಾಂಕ್ಸ್, ಕಾಫಿಯಾದ ಮೇಲೆ ಕಾಫಿಗೆ, ಹೊರಡುವಾಗ ಈ ಹೊತ್ತಿಗೆ, ಮುಂದಿನ ವಾರ ದಾರಿಯಲ್ಲಿ ಸಿಕ್ಕರೆ ಹೋದ ವಾರದ್ದಕ್ಕೆ. ಅಸ್ಮುಸ್ ಟೋರ್ಕಿಲನಿಗೆ ಎಷ್ಟು ಸಾವಿರ ಸಲ ಥ್ಯಾಂಕ್ಸ್ ಹೇಳಿದ್ದನೋ ಲೆಕ್ಕವಿಲ್ಲ. ಒಂದು ಬುಟ್ಟಿ ಆಲೂಗೆಡ್ಡೆಗೆ ಹೇಳಿದ್ದ, ಸೈಕಲ್ ಪಂಪಿಗೆ ಹೇಳಿದ್ದ. ಪ್ರಾಣಕ್ಕೆ ಮಾತ್ರ ಹೇಳಿರಲಿಲ್ಲ. ನನ್ನನ್ನು ಎಳೆದುಕೊಂಡದ್ದಕ್ಕೆ ಥ್ಯಾಂಕ್ಸ್ ಎಂದರೆ, ನಿನ್ನ ತಮ್ಮನನ್ನು ಬಿಟ್ಟದ್ದಕ್ಕೆ ಥ್ಯಾಂಕ್ಸ್ ಎಂದ ಹಾಗೆ ಕೇಳಿಸೀತು ಎಂಬ ಭಯ. ಬೆಳಿಗ್ಗೆ ಒಲೆಯ ಬಾಗಿಲು ತೆಗೆದು ಆ ಬಿಸಿ ಮುಖಕ್ಕೆ ರಾಚಿದಾಗ, ಮಗಳು ಹುಟ್ಟಿದಾಗ, ಮೊಮ್ಮಕ್ಕಳು ಹಿಟ್ಟಿನ ಮೂಟೆಯ ಮೇಲೆ ಹತ್ತಿ ಕುಣಿದಾಗ, ಇದೆಲ್ಲ ನನಗೆ ಸಿಕ್ಕಿತಲ್ಲ ಎಂದು ಅವನ ಎದೆ ತುಂಬಿಬರುತ್ತಿತ್ತು. ಆ ಕೃತಜ್ಞತೆ ಸುಳ್ಳಲ್ಲ. ಅದನ್ನು ಯಾರಿಗೆ ಮುಟ್ಟಿಸಬೇಕಿತ್ತೋ ಅವನಿಗೆ ಮುಟ್ಟಿಸಲಾಗದ ಸಂಕಟವೂ ಸುಳ್ಳಲ್ಲ.

ಮರದ ಹಡಗು ಕಟ್ಟುವ ಚಟ ಹತ್ತಿದ್ದು ಐವತ್ತು ದಾಟಿದ ಮೇಲೆ. ನಮ್ಮಲ್ಲಿ ಅದೇನೂ ವಿಶೇಷವಲ್ಲ. ಚಳಿಗಾಲದಲ್ಲಿ ಮನೆಮನೆಯಲ್ಲೂ ಒಬ್ಬ ಗಂಡಸು ಭೂತಗನ್ನಡಿ ಕಣ್ಣಿಗೆ ಏರಿಸಿಕೊಂಡು, ಚಿಮಟದಲ್ಲಿ ದಾರ ಹಿಡಿದು, ಹೆಂಡತಿ ಕರೆದರೆ ಕೇಳಿಸದವನಂತೆ ಕುಳಿತಿರುತ್ತಾನೆ. ಅಸ್ಮುಸ್ ಬೇಕರಿಯ ಒಲೆಯ ಗೋಡೆಗೆ ಆನಿಕೊಂಡಿದ್ದ ಹಳೆಯ ಹಿಟ್ಟಿನ ಕೋಣೆಯನ್ನು ಹಿಡಿದುಕೊಂಡ. ಮೊದಲು ಕಟ್ಟಿದ್ದು ಬಾತುಕೋಳಿಯ ಹಾಗೆ ಒಂದು ಪಕ್ಕಕ್ಕೆ ವಾಲಿಕೊಂಡಿತ್ತು. ಮೂರನೆಯದರ ಹೊತ್ತಿಗೆ ಕೈ ಪಳಗಿತು. ಹಿಟ್ಟು ನಾದಿದ ಬೆರಳು ದಪ್ಪ ಎಂದು ನಕ್ಕಿದ್ದವರೇ, ಅವನು ದಾರದ ಏಣಿಗೆ ಹಾಕುತ್ತಿದ್ದ ಸಾಸಿವೆಯಷ್ಟು ಸಣ್ಣ ಗಂಟುಗಳನ್ನು ಬಗ್ಗಿ ನೋಡತೊಡಗಿದರು.

"ಈ ಮನೇಲಿ ದಾರ ಇರೋದು ಹಡಗಿಗೆ ಮಾತ್ರ," ಎನ್ನುತ್ತಿದ್ದಳು ಗುಡ್ರುನ್. "ಅಂಗಿ ಗುಂಡಿ ಬಿದ್ರೆ ಪಿನ್ ಹಾಕ್ಕೊಂಡು ಓಡಾಡಿ ಎಲ್ರೂ."

"ಗುಂಡಿ ಇಲ್ದಿದ್ರೆ ಅಂಗಿ ಮುಳುಗಲ್ಲ," ಎನ್ನುತ್ತಿದ್ದ ಅಸ್ಮುಸ್.

ನಮ್ಮ ಚರ್ಚುಗಳಲ್ಲಿ ಹಡಗು ತೂಗುಹಾಕುವುದು ಹಿಂದಿನಿಂದ ಬಂದ ರೂಢಿ. ಸಮುದ್ರದಿಂದ ಜೀವಸಹಿತ ಹಿಂತಿರುಗಿದವನು ಒಂದು ಹಡಗು ಕಟ್ಟಿ ಚರ್ಚಿಗೆ ಕೊಡುತ್ತಾನೆ. ಅದು ಬೆಂಚುಗಳ ಮೇಲೆ, ಸೂರಿನಿಂದ ಇಳಿಬಿದ್ದು, ಮೂತಿ ಪೀಠದ ಕಡೆಗೆ ಮಾಡಿಕೊಂಡು ತೇಲುತ್ತಿರುತ್ತದೆ. ಓಸ್ಟರ್‌ನೆಸ್ಸಿನ ಚರ್ಚಿನಲ್ಲಿ ಎರಡು ಇದ್ದವು. ಒಂದು ಹುಳ ತಿಂದು ಉದುರುತ್ತಿದ್ದುದರಿಂದ ಕೆಳಗಿಳಿಸಿ ಸಂಗ್ರಹಾಲಯಕ್ಕೆ ಕಳಿಸಿದರು. ಸೂರಿನಲ್ಲಿ ಕೊಕ್ಕೆ ಮಾತ್ರ ಉಳಿಯಿತು. ಪ್ರತಿ ಭಾನುವಾರ ಅಸ್ಮುಸನ ಕಣ್ಣು ಆ ಕೊಕ್ಕೆಯ ಮೇಲೆ. ಕೊನೆಗೆ ಒಂದು ದಿನ ಅವನು ಪಾದ್ರಿ ಮಾರೆನ್ ಹತ್ತಿರ ಹೋದ.

"ಯಾವ ಹಡಗು ಕಟ್ತೀರಿ?" ಕೇಳಿದಳು ಮಾರೆನ್. ಅವಳು ದ್ವೀಪಕ್ಕೆ ಬಂದು ಹೆಚ್ಚು ಕಾಲವಾಗಿರಲಿಲ್ಲ.

"ಡಾಗ್ನಿ."

"ಅಂದ್ರೆ ನಿಮ್ಮನ್ನ ಉಳಿಸಿದ್ದು. ಟೋರ್ಕಿಲ್‌ಗೆ ಹೇಳಿದೀರಾ?"

"ಇಲ್ಲ. ಕಟ್ಟಿ ಮುಗಿಸಿ, ಮೇಲೆ ಏರಿಸಿ, ಆಮೇಲೆ ಕರೀತೀನಿ. ಅದರ ಕೆಳಗೆ ನಿಂತ್ಕೊಂಡ್ರೆ ನನಗೆ ಬಾಯಿ ಬರುತ್ತೆ ಅನ್ಸುತ್ತೆ. ಎಲ್ಲೂ ಬಂದಿಲ್ಲ ಇಷ್ಟು ವರ್ಷ."

"ಅವರು ಚರ್ಚಿಗೆ ಬಂದಿದ್ದು ನಾನು ನೋಡೇ ಇಲ್ಲವಲ್ಲ," ಎಂದಳು ಮಾರೆನ್.

ಅದೇ ಅಸ್ಮುಸನ ಚಿಂತೆಯೂ ಆಗಿತ್ತು. ತೀರಿಹೋದ ಅಕ್ಸೆಲನಿಗಾಗಿ ನಡೆದ ಪ್ರಾರ್ಥನೆಯ ದಿನ ಅಮ್ಮನ ತೋಳು ಹಿಡಿದು ಚರ್ಚಿನೊಳಗೆ ಹೋದ ಟೋರ್ಕಿಲ್, ಅರ್ಧಕ್ಕೇ ಎದ್ದು ಹೊರಗೆ ಬಂದಿದ್ದ. ಆಮೇಲೆ ಆ ಹೊಸ್ತಿಲು ದಾಟಿರಲಿಲ್ಲ. ಅಮ್ಮನನ್ನು ಗೇಟಿನವರೆಗೆ ಬಿಡುತ್ತಿದ್ದ, ಮುಗಿದ ಮೇಲೆ ಕರೆದುಕೊಂಡು ಹೋಗುತ್ತಿದ್ದ. ಅಮ್ಮ ತೀರಿಕೊಂಡಾಗಲೂ ಹೊರಗೇ ನಿಂತಿದ್ದ. ದೇವರ ಮೇಲೆ ಮುನಿಸು ಎಂದಿತು ಊರು. ಅಸ್ಮುಸನಿಗೆ ಮಾತ್ರ, ಒಳಗೆ ನಾನು ಕುಳಿತಿರುತ್ತೇನಲ್ಲ, ಆ ಮುಖ ನೋಡಲಾಗದೆ ಬರುವುದಿಲ್ಲ ಎಂದೇ ಅನಿಸುತ್ತಿತ್ತು.

ಎರಡು ಚಳಿಗಾಲ ಅವನು ಡಾಗ್ನಿಯ ಮೇಲೆ ಕುಳಿತ. ಪೇರ್ ಮರದ ಹಲಗೆ ಸೀಳಿ, ಆವಿಯಲ್ಲಿ ಬಗ್ಗಿಸಿ, ಒಂದೊಂದಾಗಿ ಪಕ್ಕೆಲುಬಿಗೆ ಕೂರಿಸಿದ. ಚರ್ಚಿನ ಹಡಗನ್ನು ಜನ ನೋಡುವುದು ಕೆಳಗಿನಿಂದ. ಅದಕ್ಕೇ ಹೊಟ್ಟೆಯನ್ನು ಸ್ವಲ್ಪ ತುಂಬಿಕೊಂಡಂತೆ ಮಾಡಿದ, ಹಗ್ಗಗಳನ್ನು ಅಳತೆಗಿಂತ ಒಂದಿಷ್ಟು ದಪ್ಪ ಹೊಸೆದ. ಹಗ್ಗಕ್ಕೆ ಒಳ್ಳೆಯ ನಾರಿನ ದಾರ, ಅದಕ್ಕೆ ಜೇನುಮೇಣ. ಕಂಬಗಳನ್ನು ಎರಡೂ ಪಕ್ಕಕ್ಕೆ ಬಿಗಿಯುವ ಹಗ್ಗಗಳ ಬುಡದಲ್ಲಿ ಮೂರು ಮೂರು ತೂತಿನ ಗುಂಡು ಬಿಲ್ಲೆಗಳು, ಒಂದೊಂದೂ ಬಟಾಣಿಗಿಂತ ಚಿಕ್ಕವು. ಅವುಗಳನ್ನು ಬಿಗಿದು ಬಿಗಿದು, ಬೆರಳಿನಿಂದ ಮೀಟಿದರೆ ಪಿಟೀಲಿನ ತಂತಿಯಂತೆ ಸದ್ದು ಬರುವ ಹಾಗೆ ಮಾಡಿದ. ಬಿಗಿಯಾದ ಹಗ್ಗ ಕಂಡರೆ ಅವನಿಗೆ ಅದೇನೋ ಸಮಾಧಾನ. ಡಾಗ್ನಿಯ ನಡುವಿನಲ್ಲಿ ಆ ಸಣ್ಣ ದೋಣಿಯನ್ನೂ ಇಟ್ಟ, ಎರಡು ಹುಟ್ಟು ಸಮೇತ.

ಅಷ್ಟೂ ದಿನ ಟೋರ್ಕಿಲ್ ಹಿಟ್ಟಿನ ಕೋಣೆಯ ಕಡೆ ತಲೆ ಹಾಕದಂತೆ ನೋಡಿಕೊಂಡದ್ದು ಗುಡ್ರುನ್. ಅವನು ಬಂದರೆ ಅಡುಗೆಮನೆಯಲ್ಲೇ ಕೂರಿಸಿ, ದಾಲ್ಚಿನ್ನಿ ಬನ್ನು ಮುಂದಿಟ್ಟು, ಊರಿನ ಅಷ್ಟೂ ಸುದ್ದಿ ಸುರಿಯುತ್ತಿದ್ದಳು.

"ನಿನ್ನ ಹೆಂಡತಿ ಇತ್ತೀಚೆಗೆ ನನ್ನ ಮೇಲೆ ತುಂಬ ಪ್ರೀತಿ ತೋರಿಸ್ತಿದಾಳೆ ಹುಡುಗ," ಎಂದ ಟೋರ್ಕಿಲ್ ಒಂದು ದಿನ. ಅರುವತ್ತು ದಾಟಿದ ಅಸ್ಮುಸ್ ಅವನಿಗೆ ಈಗಲೂ ಹುಡುಗನೇ. "ನಿನಗೇನಾದ್ರೂ ಕಾಯಿಲೆನಾ? ಮುಂದಿನದಕ್ಕೆ ಈಗಲೇ ವ್ಯವಸ್ಥೆ ಮಾಡ್ತಿದಾಳಾ?"

"ನಿನ್ನನ್ನ ಕಟ್ಟಿಕೊಳ್ಳೋ ಬದಲು ಮೇಕೆ ಸಾಕ್ತೀನಿ," ಎಂದಳು ಗುಡ್ರುನ್, ಇನ್ನೊಂದು ಬನ್ನು ತಟ್ಟೆಗೆ ಹಾಕುತ್ತ.

ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಅಡ್ವೆಂಟ್ ಭಾನುವಾರಗಳಲ್ಲಿ ಮೊದಲನೆಯದರಂದು ಹಡಗನ್ನು ಚರ್ಚಿಗೆ ಒಪ್ಪಿಸುವುದು ಎಂದಾಯಿತು. ದೀಪ ಬದಲಿಸುವವರು ನವೆಂಬರಿನಲ್ಲೇ ದೊಡ್ಡ ಅಟ್ಟಣಿಗೆ ತಂದಿದ್ದರಿಂದ, ಅದಿದ್ದಾಗಲೇ ಡಾಗ್ನಿಯನ್ನು ರಾಟೆ ಹಗ್ಗಕ್ಕೆ ಕಟ್ಟಿ ಮೇಲೇರಿಸಿದರು. ಅಸ್ಮುಸ್ ಕೆಳಗೆ ನಿಂತು ಕತ್ತು ನೋಯುವ ತನಕ ನೋಡಿದ. ಅದೇ ಸಂಜೆ ಬಂದರಿಗೆ ಹೋದ.

"ಡಾಗ್ನಿಯನ್ನ ಕಟ್ಟಿದೀನಿ," ಎಂದ. "ಚರ್ಚಿನಲ್ಲಿ ಹಾಕಿದೀವಿ. ಅಡ್ವೆಂಟ್ ಭಾನುವಾರ ಒಪ್ಪಿಸೋದು. ನೀನು ಬರಬೇಕು."

ಟೋರ್ಕಿಲನ ಕೈಯಲ್ಲಿದ್ದ ಬಲೆಯ ಸೂಜಿ ನಿಂತಿತು. ಮತ್ತೆ ಓಡಿತು.

"ನನಗಲ್ಲೇನು ಕೆಲಸ?" ಎಂದ. "ಹಡಗು ನೋಡಬೇಕಾದ್ರೆ ಇಲ್ಲೇ ಬೇಕಾದಷ್ಟಿವೆ."

"ನಿನಗೋಸ್ಕರ ಕಟ್ಟಿದ್ದು ಅದು."

"ನಾನು ಕೇಳಿದ್ನಾ?"

ಅಸ್ಮುಸ್ ಅಲ್ಲೇ ನಿಂತಿದ್ದ. ಟೋರ್ಕಿಲ್ ತಲೆ ಎತ್ತಲಿಲ್ಲ. "ಗಾಳಿ ತಿರುಗ್ತಾ ಇದೆ, ಮನೆಗೆ ಹೋಗು ಹುಡುಗ," ಎಂದ ಕೊನೆಗೆ. ಒರಟಾಗಿ ಹೇಳಲಿಲ್ಲ. ಅದೇ ಹೆಚ್ಚು ನೋವಾಯಿತು.

ಮನೆಗೆ ಬಂದು ಅಸ್ಮುಸ್ ಗುಡ್ರುನ್ ಎದುರು ಕುಳಿತು ಬಾಯಿಬಿಟ್ಟು ಹೇಳಿಕೊಂಡ. ಎರಡು ಚಳಿಗಾಲ ನೀರಿಗೆ ಹಾಕಿದಂತಾಯಿತು, ಅವನು ಬಾರದೆ ಇದ್ದರೆ ಆ ಹಡಗು ಯಾರಿಗೆ, ಊರವರ ಚಪ್ಪಾಳೆ ಯಾರಿಗೆ ಬೇಕಾಗಿತ್ತು, ಎಂದೆಲ್ಲ. ಗುಡ್ರುನ್ ಬಾಯಿಗೆ ಬಂದ ತಮಾಷೆಯನ್ನು ನುಂಗಿಕೊಂಡು ಅವನ ಕೈ ಹಿಡಿದು ಕುಳಿತಳು.

ಆಮೇಲೆ ಮಂಜು ಇಳಿಯಿತು. ನಮ್ಮ ನವೆಂಬರಿನ ಮಂಜು ಗೊತ್ತಿದ್ದವರಿಗೆ ಗೊತ್ತು. ದಿನಗಟ್ಟಲೆ ಏಳುವುದಿಲ್ಲ, ಹೊರಗೆ ಹಾಕಿದ ಬಟ್ಟೆ ಹಾಕಿದ್ದಕ್ಕಿಂತ ಒದ್ದೆಯಾಗಿ ಒಳಗೆ ಬರುತ್ತದೆ. ಕಲ್ಲಿನ ಚರ್ಚಿಗೆ ಬಿಸಿ ಕೊಡುವುದು ಭಾನುವಾರ ಮಾತ್ರ. ಉಳಿದ ದಿನ ಗೋಡೆಯೇ ಬೆವರುತ್ತದೆ. ಅಡ್ವೆಂಟಿಗೆ ಇನ್ನೇನು ಎರಡು ದಿನ ಇದೆ ಎನ್ನುವಾಗ ಬೆಳಿಗ್ಗೆ ಮಾರೆನ್ ಫೋನ್ ಮಾಡಿದಳು.

"ಅಸ್ಮುಸ್, ನಿಮ್ಮ ಹಡಗಿನ ಕಂಬ ಮೊದಲಿಂದಲೂ ಹಾಗೆ ಬಗ್ಗಿತ್ತಾ?"

ಅಸ್ಮುಸ್ ಟೋಪಿ ಕೂಡ ಹಾಕಿಕೊಳ್ಳದೆ ಓಡಿದ. ನಡುಗಂಬದ ತುದಿ ಮೀನು ಕಚ್ಚಿದ ಗಾಳದ ಕೋಲಿನಂತೆ ಬಾಗಿತ್ತು. ಮುಂದಿನ ಕಂಬವೂ ಅದರ ಹಿಂದೆಯೇ ಹೊರಟಿತ್ತು. ಹಡಗಿನ ಮೂತಿಯಿಂದ ಮುಂದಕ್ಕೆ ಚಾಚಿದ ಕೋಲು ಮೇಲಕ್ಕೆ ಎಗರಿಕೊಂಡಿತ್ತು. ಆಗಿದ್ದೇನು ಎಂದು ಅವನಿಗೆ ತಕ್ಷಣ ಹೊಳೆಯಿತು, ಹೊಳೆದು ಹಣೆ ಹಣೆ ಚಚ್ಚಿಕೊಂಡ. ನಾರಿನ ದಾರ ತೇವ ಕುಡಿದರೆ ಗಿಡ್ಡವಾಗುತ್ತದೆ. ಅವನು ಅದನ್ನು ಬಿಗಿದದ್ದು ಒಲೆಯ ಗೋಡೆಯ ಪಕ್ಕ, ಬಿಸ್ಕತ್ತು ಮೆತ್ತಗಾಗದ ಆ ಒಣಕೋಣೆಯಲ್ಲಿ, ತಂತಿ ಮೀಟಿದಂತೆ ಸದ್ದು ಬರುವ ಹಾಗೆ. ಇಲ್ಲಿ ಚರ್ಚಿನ ತೇವಕ್ಕೆ ನೂರಾರು ಹಗ್ಗಗಳು ಒಟ್ಟಿಗೆ ಎಳೆಯುತ್ತಿದ್ದವು. ದ್ವೀಪದಲ್ಲಿ ಯಾವ ಹಳೆಯ ನಾವಿಕ ನೋಡಿದ್ದರೂ ಸ್ವಲ್ಪ ಸಡಿಲ ಬಿಡು ಎಂದು ಹೇಳಿರುತ್ತಿದ್ದ. ಹಾಗೆ ಹೇಳಬಲ್ಲವನಿಂದಲೇ ಅವನು ಅದನ್ನು ಬಚ್ಚಿಟ್ಟಿದ್ದ.

ಹಡಗನ್ನು ರಾಟೆಯಿಂದ ಇಳಿಸಿ ಎರಡು ಬೆಂಚಿನ ಮೇಲೆ ಕೂರಿಸಿದರು. ಅಸ್ಮುಸ್ ಚಿಮಟ ಹಿಡಿದು ಒಂದು ಹಗ್ಗ ಬಿಚ್ಚಲು ಹೋದ. ಒಂದು ಪಕ್ಕ ಸಡಿಲವಾಗುತ್ತಲೇ ಇನ್ನೊಂದು ಪಕ್ಕ ಎಳೆದು ಕಂಬ ಲಟಕ್ ಎಂದು ನರಳಿತು. ಕೈ ಹಿಂದೆಗೆದುಕೊಂಡ. ಎರಡೂ ಪಕ್ಕ ಒಟ್ಟಿಗೆ ಸಡಿಲಿಸಬೇಕು. ಅದಕ್ಕೆ ಇನ್ನೆರಡು ಕೈ ಬೇಕು, ಹಗ್ಗ ಗೊತ್ತಿದ್ದ ಕೈ.

ಅವನ ಟೋಪಿ ಹಿಡಿದು ಹಿಂದೆಯೇ ಬಂದು ಮಾರೆನ್ ಪಕ್ಕ ನಿಂತಿದ್ದ ಗುಡ್ರುನ್ ಕೋಟಿನ ಗುಂಡಿ ಹಾಕಿಕೊಂಡಳು. "ನಾನು ಹೋಗಿ ಕರೀತೀನಿ," ಎಂದಳು.

"ಅವನು ಬರಲ್ಲ."

"ಪ್ರಾರ್ಥನೆಗೆ ಬರಲ್ಲ ಅಂದ. ಮುರಿಯೋ ಕಂಬಕ್ಕೂ ಬರಲ್ಲ ಅಂತ ನಾನಿನ್ನೂ ಕೇಳಿಲ್ಲ."

ಅಸ್ಮುಸ್ ಕಂಬವನ್ನು ಎರಡು ಬೆರಳಲ್ಲಿ ಆನಿಸಿ ಹಿಡಿದು ಕುಳಿತ. ಎಷ್ಟು ಹೊತ್ತಾಯಿತೋ, ಬಾಗಿಲ ಬಳಿ ರಬ್ಬರ್ ಬೂಟಿನ ಸದ್ದು ಕೇಳಿಸಿತು. ಸದ್ದು ಹೊಸ್ತಿಲಲ್ಲಿ ನಿಂತಿತು. ಅಸ್ಮುಸ್ ತಿರುಗಿ ನೋಡಲಿಲ್ಲ, ನೋಡಿದರೆ ಹೊರಟುಹೋದಾನು ಎಂದು ಹೆದರಿ. ಆಮೇಲೆ ಬೂಟಿನ ಸದ್ದು ಒಳಗೆ ಬಂತು. ಟೋರ್ಕಿಲ್ ಪೀಠದ ಕಡೆ ನೋಡಲಿಲ್ಲ, ಟೋಪಿ ಮಾತ್ರ ತೆಗೆದ. ಹಡಗಿನ ಸುತ್ತ ಒಂದು ಸುತ್ತು ಬಂದ.

"ಎಲ್ಲಿ ಕಟ್ಟಿದೆ ಇದನ್ನ?"

"ಒಲೆ ಗೋಡೆ ಪಕ್ಕ."

"ಅದೇ ಅಂದ್ಕೊಂಡೆ. ಹಡಗನ್ನೂ ಬ್ರೆಡ್ ಮಾಡಿಟ್ಟಿದೀಯ." ಎದುರು ಬೆಂಚಿನಲ್ಲಿ ಕುಳಿತ. "ಡಾಗ್ನೀಲಿ ಮೋಡ ಕಂಡ್ರೆ ಸಾಕು, ಮೊದಲು ಹಗ್ಗ ಸಡಿಲ ಮಾಡಿ, ಮಳೆಕೋಟು ಆಮೇಲೆ ಹಾಕ್ಕೊಳ್ಳಿ ಅಂತ ಕೂಗ್ತಿದ್ದ ನಮ್ಮ ಕ್ಯಾಪ್ಟನ್. ಆ ಕಡೆಯದು ನೀನು ಹಿಡಿ. ನಾನು ಹೇಳಿದಾಗ ಬಿಡು. ಕೂದಲೆಳೆಯಷ್ಟೇ."

ಮಾರೆನ್ ಮತ್ತು ಗುಡ್ರುನ್ ಕಾಫಿ ಮಾಡುವ ನೆಪದಲ್ಲಿ ಹೊರಗೆ ಹೋದರು. ಇಬ್ಬರು ಮುದುಕರು ಹಡಗನ್ನು ನಡುವೆ ಇಟ್ಟುಕೊಂಡು, ಆ ಪಕ್ಕ ಒಂದು ಈ ಪಕ್ಕ ಒಂದು ಹಗ್ಗ ಬಿಚ್ಚುತ್ತ, ಬಿಡುತ್ತ, ಮತ್ತೆ ಕಟ್ಟುತ್ತ ಹೋದರು. ಟೋರ್ಕಿಲನ ಬೆರಳು ಗಂಟು ಬಿದ್ದ ಬೇರಿನಂತಿದ್ದರೂ ಚಿಮಟ ಅವನ ಮಾತು ಕೇಳುತ್ತಿತ್ತು. ಕಂಬ ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿಕೊಂಡಿತು. ನಡುಗಂಬ ಮುಗಿಸಿ ಮುಂದಿನದಕ್ಕೆ ಹೋಗುವಾಗ ಟೋರ್ಕಿಲ್ ಹಡಗಿನ ನಡುವಿನ ಸಣ್ಣ ದೋಣಿಯನ್ನು ಕಂಡ. ಬಗ್ಗಿ ನೋಡಿದ.

"ಬಲಗಡೆ ಹುಟ್ಟು ಅವತ್ತು ಮುರಿದುಹೋಯ್ತು," ಎಂದ. "ಹಿಂದಕ್ಕೆ ಬರುವಾಗ ಒಂದರಲ್ಲೇ ಬಂದೆ."

ನಲವತ್ತು ಚಿಲ್ಲರೆ ವರ್ಷಗಳಲ್ಲಿ ಅವನ ಬಾಯಿಂದ ಆ ದಿನದ ಮಾತು ಬಂದದ್ದು ಅದೇ ಮೊದಲು. ಈಗ ಆಡದಿದ್ದರೆ ಇನ್ನು ಆಡುವುದಿಲ್ಲ ಎಂದು ಅಸ್ಮುಸನಿಗೆ ಗೊತ್ತಾಯಿತು.

"ನೀನು ಲಾಟೀನು ಎತ್ತಿದಾಗ ನಿನ್ನ ಮುಖ ನೋಡಿದೆ ನಾನು," ಎಂದ.

"ಗೊತ್ತು."

"ಅದಕ್ಕೇ ನಿನಗೆ ಏನೂ ಹೇಳೋಕೆ ಆಗ್ಲಿಲ್ಲ ಟೋರ್ಕಿಲ್. ಬೇಕಾಗಿದ್ದವನು ನಾನಲ್ಲ ಅಂತ..."

"ನೀನು ಒಂದು ಸಲ ನೋಡಿದ್ದು," ಎಂದ ಟೋರ್ಕಿಲ್. ಚಿಮಟ ಕೆಳಗಿಟ್ಟ. "ನಾನು ಎರಡು ಸಲ ಎತ್ತಿದೆ ಲಾಟೀನು. ಎರಡನೇ ಸಲ ನೀನು ಕಣ್ಣು ಮುಚ್ಚಿಬಿಟ್ಟಿದ್ದೆ. ಇವನೂ ಹೋದ ಅಂದ್ಕೊಂಡೆ. ಬಾಯಿ ಹತ್ರ ಕಿವಿ ಇಟ್ಟೆ. ಉಸಿರಿತ್ತು."

ಅವನು ಸಣ್ಣ ದೋಣಿಯ ಹುಟ್ಟನ್ನು ಬೆರಳಿನಿಂದ ಮುಟ್ಟಿದ.

"ನಕ್ಕುಬಿಟ್ಟೆ," ಎಂದ ಟೋರ್ಕಿಲ್. "ಜೋರಾಗಿ. ಹುಚ್ಚನ ಥರ. ಅಷ್ಟು ಖುಷಿ ಆಯ್ತು ನನಗೆ, ನಿನ್ನ ಉಸಿರು ಕೇಳಿ. ನನ್ನ ತಮ್ಮ ಇನ್ನೂ ನೀರಲ್ಲಿದ್ದ, ನಾನು ನಗ್ತಾ ಇದ್ದೆ. ಆಮೇಲೆ ಇಲ್ಲಿ ಅಮ್ಮನ ಪಕ್ಕ ಕೂತಾಗ, ಅವಳು ಅಕ್ಸೆಲ್ ಅಕ್ಸೆಲ್ ಅಂತ ಅಳುವಾಗ, ನನಗೆ ಕೇಳ್ತಾ ಇದ್ದದ್ದು ನನ್ನ ಆ ನಗು. ಕೂರೋಕೆ ಆಗ್ಲಿಲ್ಲ. ಎದ್ದುಹೋದೆ."

ಇಷ್ಟು ವರ್ಷ ಒಂದು ಮುಖವನ್ನು ಎದೆಯಲ್ಲಿ ಹೊತ್ತು ತಿರುಗಿದವನಿಗೆ, ಅದರ ಹಿಂದೆಯೇ ಇನ್ನೊಂದು ಮುಖ ಇತ್ತು ಎಂದು ತಿಳಿದಾಗ ಏನಾಗುತ್ತದೋ ಅದು ಅಸ್ಮುಸನಿಗೆ ಆಯಿತು. ಕಣ್ಣು ತುಂಬಿ ಹರಿಯಿತು, ಒರೆಸಿಕೊಳ್ಳಲಿಲ್ಲ. ತನ್ನ ಉಸಿರು ಕೇಳಿ ಆ ಕತ್ತಲಲ್ಲಿ ಒಬ್ಬ ಮನುಷ್ಯ ನಕ್ಕಿದ್ದ. ಬೇಕರಿಯ ಒಲೆಗಿಂತ ಮುಂಚೆ, ಗುಡ್ರುನ್‌ಗಿಂತ ಮುಂಚೆ, ಮಗಳಿಗಿಂತ ಮುಂಚೆ, ತಾನು ಬದುಕಿದ್ದಕ್ಕೆ ಸಂತೋಷಪಟ್ಟ ಮೊದಲ ಜೀವ ಇದೇ.

"ನನ್ನನ್ನ ಉಳಿಸಿದ್ದಕ್ಕೆ ಥ್ಯಾಂಕ್ಸ್ ಟೋರ್ಕಿಲ್," ಎಂದ. ದನಿ ಒಡೆಯಿತು, ಮಾತು ನಿಲ್ಲಿಸಲಿಲ್ಲ. "ತುಂಬ ಚೆನ್ನಾಗಿತ್ತು ನನ್ನ ಬದುಕು. ಪ್ರತಿಯೊಂದು ದಿನಾನೂ. ಅದು ನೀನು ಕೊಟ್ಟಿದ್ದು. ನೀನು ನಕ್ಕಿದ್ದಕ್ಕೂ ಥ್ಯಾಂಕ್ಸ್."

ಟೋರ್ಕಿಲ್ ಮೂಗು ಒರೆಸಿಕೊಂಡು ಚಿಮಟ ಕೈಗೆತ್ತಿಕೊಂಡ. ಮುಂದಿನ ಕಂಬದ ಹಗ್ಗಗಳನ್ನು ಇಬ್ಬರೂ ಕೂಡಿ ಸಡಿಲಿಸಿದರು. ಮೂತಿಯ ಕೋಲು ತನ್ನ ಜಾಗಕ್ಕೆ ಇಳಿಯಿತು. ಹಡಗನ್ನು ರಾಟೆಗೆ ಕಟ್ಟಿ, ಇಬ್ಬರೂ ಹಗ್ಗ ಎಳೆದು ಮೇಲೇರಿಸಿದರು. ಅದು ಒಮ್ಮೆ ಅತ್ತಿತ್ತ ತೂಗಿ, ಮೂತಿಯನ್ನು ಪೀಠದ ಕಡೆ ಮಾಡಿಕೊಂಡು ನಿಂತಿತು. ಟೋರ್ಕಿಲ್ ಕತ್ತೆತ್ತಿ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಅದರ ಕೆಳಗಿನ ಬೆಂಚಿನಲ್ಲಿ ಮೆಲ್ಲಗೆ ಕುಳಿತುಕೊಂಡ, ಹಲಗೆ ತಡೆಯುತ್ತದೋ ಇಲ್ಲವೋ ಎಂದು ನೋಡುವವನಂತೆ.

"ಭಾನುವಾರ ಎಷ್ಟು ಗಂಟೆಗೆ ಶುರು ಇಲ್ಲಿ?" ಎಂದು ಕೇಳಿದ.

ಓಸ್ಟರ್‌ನೆಸ್ಸಿನಲ್ಲಿ ಪ್ರಾರ್ಥನೆಯ ಹೊತ್ತು ಬದಲಾದದ್ದು ಯಾರಿಗೂ ನೆನಪಿಲ್ಲ.

"ಹತ್ತಕ್ಕೆ," ಎಂದ ಅಸ್ಮುಸ್, ಅವನ ಪಕ್ಕದಲ್ಲಿ ಕುಳಿತುಕೊಳ್ಳುತ್ತ.